ಓಡೋದು ಕುದುರೆ, ಹಾಗಾದ್ರೆ ಜಾಕಿ ಮಾಡೋದೇನು?

ಚಿಗುರು ಎಲೆ:
ಅಕ್ಕನ ಮಗನಿಗೆ ಈಗ ಹದಿನೈದು. ಆಳು ಸಣ್ಣ, ಮೈಯಲ್ಲಿ ಕೊಬ್ಬಿನ ಸುಳಿವಿಲ್ಲ, ಕುದುರೆ ಅಂದ್ರೆ ಪ್ರಾಣ. ಜಾಕಿ ಆಗೇ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಮನೆಯಲ್ಲಿ ಎರಡು ಪಂಗಡ ಆಗಿದೆ. ಒಂದು ಪಂಗಡಕ್ಕೆ ರೇಸ್ ಅಂದ್ರೆ ಜೂಜು, ಆ ಮಾತೇ ಎತ್ತೋ ಹಾಗಿಲ್ಲ. ಇನ್ನೊಂದು ಪಂಗಡ, ಓಡೋದು ಕುದುರೆ, ಇವನು ಮೇಲೆ ಕೂತಿರೋದಷ್ಟೇ, ಅದನ್ನ ಕಲಿಯೋಕೆ ಏನಿದೆ ಅನ್ನುತ್ತೆ. ನನಗೆ ಎರಡೂ ಒಪ್ಪಿಗೆ ಆಗ್ತಿಲ್ಲ, ಆದರೆ ಉತ್ತರ ಹೇಳೋಷ್ಟು ತಿಳಿವಳಿಕೆಯೂ ಇಲ್ಲ. ಈ ಕೆಲಸದಲ್ಲಿ ನಿಜವಾಗಿ ಏನು ಮಾಡಬೇಕು, ಎಷ್ಟು ವರ್ಷ ನಡೆಯುತ್ತೆ, ಮೈಗೆ ಏನಾಗುತ್ತೆ? ಹತ್ತಿರದಿಂದ ಕಂಡವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ಬೆಟ್ಟಿಂಗ್ ವಿಷಯ ಬೇಡ.

ರಿಕಾಪು:
ಆ "ಕೂತಿರೋದಷ್ಟೇ" ಅನ್ನೋ ಮಾತಿಂದಲೇ ಶುರು ಮಾಡ್ತೀನಿ. ಜಾಕಿ ಕೂರೋದೇ ಇಲ್ಲ. ರೇಸ್ ನಡೆಯೋವಾಗ ಅವನ ಸೊಂಟ ಜೀನಿಗೆ ತಾಗಿರಲ್ಲ. ಎರಡು ರಿಕಾಪಿನ (ಜೀನಿಂದ ಇಳಿಬಿಟ್ಟ, ಕಾಲಿಡೋ ಬಳೆ) ಮೇಲೆ, ಅದೂ ಪಾದದ ಮುಂಭಾಗ ಮಾತ್ರ ಊರಿ, ಮಂಡಿ ಮಡಚಿ, ಬೆನ್ನನ್ನ ನೆಲಕ್ಕೆ ಸಮನಾಗಿ ಚಾಚಿ ನಿಂತಿರ್ತಾನೆ. ಕೆಳಗೆ 450ರಿಂದ 500 ಕೆಜಿ ತೂಗೋ ಪ್ರಾಣಿ ಗಂಟೆಗೆ 60 ಕಿಮೀ ವೇಗದಲ್ಲಿ ಓಡ್ತಿರುತ್ತೆ. ಪ್ರತಿ ಹೆಜ್ಜೆಗೂ ಅದರ ಬೆನ್ನು ಮೇಲೆ ಕೆಳಗೆ, ಮುಂದೆ ಹಿಂದೆ ಆಡುತ್ತೆ. ಆ ಆಟವನ್ನೆಲ್ಲ ಜಾಕಿಯ ಕಣಕಾಲು, ಮಂಡಿ, ತೊಡೆ ಸಂದು ನುಂಗಿಕೊಳ್ಳಬೇಕು. ನುಂಗಿಕೊಂಡ್ರೆ ತಲೆ, ಬೆನ್ನು ಗಾಳಿಯಲ್ಲಿ ತೇಲಿದ ಹಾಗೆ ನಿಶ್ಚಲವಾಗಿ ಕಾಣುತ್ತೆ. ಸ್ಟ್ಯಾಂಡಿನಲ್ಲಿ ಇರೋರಿಗೆ ಅವನು ಸುಮ್ಮನೆ ಕೂತ ಹಾಗೆ ಅನ್ನಿಸೋದು ಅದಕ್ಕೇ. ಹಾಗೆ ಅನ್ನಿಸಿದ್ರೆ ಅವನು ಚೆನ್ನಾಗಿ ಸವಾರಿ ಮಾಡ್ತಿದ್ದಾನೆ ಅಂತಲೇ ಅರ್ಥ.

ನಾನು ಜಾಕಿ ಅಲ್ಲ. ವರ್ಕ್ ರೈಡರ್ ಆಗಿ ಬೆಳಗಿನ ಗ್ಯಾಲಪ್‌ಗಳಲ್ಲಿ, ಅಂದ್ರೆ ಅಭ್ಯಾಸದ ಓಟಗಳಲ್ಲಿ, ಕುದುರೆ ಓಡಿಸಿದವನು. ಟ್ರೈನಿಂಗಿನಲ್ಲಿ ಮೊದಲು ಹತ್ತಿಸೋದು ಯಂತ್ರದ ಕುದುರೆ ಮೇಲೆ. ಆ ಭಂಗಿಯಲ್ಲಿ ಒಂದೇ ನಿಮಿಷ ನಿಲ್ಲೋದ್ರೊಳಗೆ ತೊಡೆಗೆ ಬೆಂಕಿ ಹತ್ತುತ್ತೆ, ಎರಡನೇ ನಿಮಿಷಕ್ಕೆ ಕಾಲು ನಡುಗೋಕೆ ಶುರು. ರೇಸಿನಲ್ಲಿ ಅದೇ ಭಂಗಿಯಲ್ಲಿದ್ದುಕೊಂಡು ಯೋಚನೆ ಮಾಡಬೇಕು, ಲಗಾಮು ಹಿಡೀಬೇಕು, ಕೊನೆಯ ನೇರ ಹಾದಿಯಲ್ಲಿ ಕುದುರೆಯ ಕತ್ತಿನ ಜೊತೆ ತೋಳು ದೂಡಬೇಕು. ಒಳ್ಳೆ ಜಾಕಿ ದಿನಕ್ಕೆ ಆರು, ಏಳು ಸಲ ಇದನ್ನ ಮಾಡ್ತಾನೆ. ಸವಾರಿ ಮುಗಿಸಿ ಬಂದ ಜಾಕಿಯ ಎದೆ ಬಡಿತ ನೋಡಿದ್ರೆ ಕುದುರೆ ಒಂದೇ ಓಡಿದ್ದಲ್ಲ ಅಂತ ಗೊತ್ತಾಗುತ್ತೆ.

ಹಳೇ ಪುಟ:
ರಿಕಾಪು ಹೇಳಿದ ಆ ಭಂಗಿಗೆ ಒಂದು ಇತಿಹಾಸ ಇದೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾಕಿಗಳು ಉದ್ದ ರಿಕಾಪಿನಲ್ಲಿ ಕಾಲು ಚಾಚಿ, ನೆಟ್ಟಗೆ ಕೂತೇ ಓಡಿಸ್ತಿದ್ರು. 1897ರಲ್ಲಿ ಅಮೆರಿಕದ ಟಾಡ್ ಸ್ಲೋನ್ ಅಲ್ಲಿಗೆ ಹೋಗಿ, ರಿಕಾಪು ಗಿಡ್ಡ ಮಾಡಿಕೊಂಡು ಕುದುರೆಯ ಕತ್ತಿನ ಮೇಲೆ ಬಗ್ಗಿ ಸವಾರಿ ಮಾಡಿದ. ಮರದ ಕೊಂಬೆ ಮೇಲಿನ ಕೋತಿ ಅಂತ ಜನ ನಕ್ಕರು. ಅವನು ಗೆಲ್ತಾ ಹೋದ. ಕೆಲವೇ ವರ್ಷಗಳಲ್ಲಿ ನಕ್ಕವರೆಲ್ಲ ಅವನ ಹಾಗೆ ಬಗ್ಗಿದ್ರು.

2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇದರ ಲೆಕ್ಕ ತೆಗೀತು. ಈ ಭಂಗಿ ಹರಡಿದ ಕಾಲದಲ್ಲಿ ರೇಸಿನ ಸಮಯ ಶೇ 5ರಿಂದ 7ರಷ್ಟು ಸುಧಾರಿಸಿತ್ತು. ಕಾರಣ ಗಾಳಿಯ ತಡೆ ಕಮ್ಮಿ ಆಗಿದ್ದು ಮಾತ್ರ ಅಲ್ಲ. ಜಾಕಿಯ ತೂಕವನ್ನ ಕುದುರೆ ಹೊರಲೇಬೇಕು, ಅದು ತಪ್ಪಲ್ಲ. ಆದರೆ ಪ್ರತಿ ಹೆಜ್ಜೆಗೂ ಆ ತೂಕವನ್ನ ಎತ್ತಿ ಇಳಿಸೋ, ಮುಂದೆ ತಳ್ಳಿ ಹಿಂದೆ ಎಳೆಯೋ ಕೆಲಸ ಕುದುರೆಗೆ ತಪ್ಪುತ್ತೆ. ಆ ಕೆಲಸವನ್ನ ಜಾಕಿಯ ಕಾಲುಗಳು ತಗೊಳ್ತವೆ. ಅಂದ್ರೆ ಅವನ ಅರ್ಧ ವಿದ್ಯೆ ಇರೋದೇ ಕುದುರೆಗೆ ತಾನು ಇಲ್ಲದ ಹಾಗೆ ಇರೋದರಲ್ಲಿ. ನಿಮ್ಮ ಮನೆಯ ಎರಡನೇ ಪಂಗಡಕ್ಕೆ ಇದನ್ನ ಓದಿ ಹೇಳಿ.

ಸ್ಟಾಪ್‌ವಾಚ್:
ಇನ್ನರ್ಧ ವಿದ್ಯೆ ತಲೆಯೊಳಗಿನ ಗಡಿಯಾರ. ಒಂದು ಫರ್ಲಾಂಗ್ ಅಂದ್ರೆ 201 ಮೀಟರ್. ಒಳ್ಳೆ ಕುದುರೆಗೆ ಫರ್ಲಾಂಗಿಗೆ 12 ಸೆಕೆಂಡ್ ಅನ್ನೋದು ಹಳೇ ಲೆಕ್ಕ. ಬೆಳಗಿನ ಗ್ಯಾಲಪ್‌ನಲ್ಲಿ ಟ್ರೈನರ್ 13ರಲ್ಲಿ ಬಾ ಅಂದ್ರೆ 13ರಲ್ಲೇ ಬರಬೇಕು, ಕೈಯಲ್ಲಿ ವಾಚ್ ಇರಲ್ಲ. ಗಾಳಿ ಕಿವಿಗೆ ಬಡಿಯೋ ರೀತಿ, ಹೆಜ್ಜೆಯ ತಾಳ, ಕುದುರೆ ಉಸಿರು, ಇದರಲ್ಲೇ ಅಂದಾಜು. ನಾಗಾಲೋಟದಲ್ಲಿ ಕುದುರೆಯ ಉಸಿರು ಹೆಜ್ಜೆಗೆ ಕಟ್ಟಿಕೊಂಡಿರುತ್ತೆ, ಒಂದು ಹೆಜ್ಜೆಗೆ ಒಂದು ಉಸಿರು. ಅದನ್ನ ಕೇಳೋಕೆ ಬಂದವನಿಗೆ ಕುದುರೆಯ ಹತ್ತಿರ ಎಷ್ಟು ಉಳಿದಿದೆ ಅನ್ನೋದು ಗೊತ್ತಾಗುತ್ತೆ.

ಯಾವ ಕುದುರೆಯೂ ಪೂರ್ತಿ ವೇಗದಲ್ಲಿ ಇಡೀ ರೇಸ್ ಓಡಲ್ಲ. ಆ ಕೊನೇ ವೇಗ ಇರೋದು ಕೆಲವು ನೂರು ಮೀಟರಿಗೆ ಮಾತ್ರ. ಅದನ್ನ ಎಲ್ಲಿ ಖರ್ಚು ಮಾಡಬೇಕು ಅನ್ನೋದೇ ರೇಸ್. ಬೇಗ ಬಿಟ್ರೆ ಕೊನೆಗೆ ಕುದುರೆ ಖಾಲಿ. ತಡ ಮಾಡಿದ್ರೆ ಮುಂದಿನವರು ದಾರಿ ಮುಚ್ಚಿರ್ತಾರೆ. ಟ್ರ್ಯಾಕಿನ ಒಳ ಅಂಚಿನ ಬೇಲಿಗೆ, ಅಂದ್ರೆ ರೇಲಿಗೆ, ಅಂಟಿಕೊಂಡು ಹೋದ್ರೆ ದೂರ ಕಮ್ಮಿ, ಆದರೆ ಬೇರೆ ಕುದುರೆಗಳ ನಡುವೆ ಪೆಟ್ಟಿಗೆಯೊಳಗೆ ಸಿಕ್ಕಿದ ಹಾಗೆ ಸಿಕ್ಕಿಬೀಳೋ ಭಯ. ಹೊರಗಿಂದ ಹೋದ್ರೆ ದಾರಿ ಖಾಲಿ, ಆದರೆ ತಿರುವಿನಲ್ಲಿ ಹೆಚ್ಚು ನೆಲ ಓಡಬೇಕು. ಈ ತೀರ್ಮಾನಕ್ಕೆಲ್ಲ ಸಿಗೋದು ಅರ್ಧ ಸೆಕೆಂಡ್.

ನನಗೆ ಯಾವಾಗಲೂ ನೆನಪಾಗೋ ಸವಾರಿ ಅಮೆರಿಕದ ದೊಡ್ಡ ರೇಸ್‌ಗಳಲ್ಲಿ ಒಂದಾದ ಬೆಲ್ಮಾಂಟ್ ಸ್ಟೇಕ್ಸ್, 1973ರದ್ದು. ಎಲ್ಲರೂ ಸೆಕ್ರೆಟೇರಿಯಟ್ ಕುದುರೆಯ ಬಗ್ಗೆ ಮಾತಾಡ್ತಾರೆ. 31 ಲೆಂಗ್ತ್ (ಒಂದು ಲೆಂಗ್ತ್ ಅಂದ್ರೆ ಒಂದು ಕುದುರೆಯ ಉದ್ದ) ಅಂತರ, ಒಂದೂವರೆ ಮೈಲಿಗೆ 2 ನಿಮಿಷ 24 ಸೆಕೆಂಡ್, ಆ ದಾಖಲೆ ಇವತ್ತಿಗೂ ಮುರಿದಿಲ್ಲ. ಆದರೆ ಮೇಲಿದ್ದ ರಾನ್ ಟರ್ಕಾಟ್‌ನ ನೋಡಿ. ಮೊದಲ ಆರು ಫರ್ಲಾಂಗ್ 1 ನಿಮಿಷ 10 ಸೆಕೆಂಡಿಗೂ ಒಳಗೆ ಮುಗೀತು. ಅಷ್ಟು ಉದ್ದದ ರೇಸಿಗೆ ಅದು ಹುಚ್ಚು ವೇಗ, ಜೊತೆಗೆ ಓಡಿದ ಶ್ಯಾಮ್ ಅನ್ನೋ ಕುದುರೆ ಸುಸ್ತಾಗಿ ಕೊನೆಗೆ ಬಂತು. ಬೇರೆ ಯಾರಾದ್ರೂ ಆಗಿದ್ರೆ ಹೆದರಿ ಲಗಾಮು ಎಳೆದು ಕುದುರೆ ಜೊತೆ ಜಗಳ ಆಡ್ತಿದ್ರು. ಟರ್ಕಾಟ್ ಕೈ ಕದಲಿಸಲಿಲ್ಲ. ಕುದುರೆ ಕಷ್ಟಪಡ್ತಿಲ್ಲ ಅನ್ನೋದು ಅವನ ಅಂಗೈಗೆ ಗೊತ್ತಿತ್ತು. ಏನೂ ಮಾಡದೇ ಇರೋ ಧೈರ್ಯವೂ ಸವಾರಿಯೇ.

ಚಿಗುರು ಎಲೆ:
ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಹುಡುಗನಿಗೂ ಓದೋಕೆ ಕೊಡ್ತಿದ್ದೀನಿ. ಅವನ ಅಮ್ಮನಿಗೆ ಇರೋ ದೊಡ್ಡ ಭಯ ಊಟದ್ದು. ಜಾಕಿಗಳು ಉಪವಾಸ ಬೀಳ್ತಾರಂತೆ ಅನ್ನೋದು ಎಷ್ಟರ ಮಟ್ಟಿಗೆ ನಿಜ?

ನೀರು ಉಪ್ಪು:
ನಿಜ. ಸಿಹಿ ಸವರಿ ಹೇಳೋಕೆ ನನಗೆ ಇಷ್ಟ ಇಲ್ಲ. ನಾನು ಆಟಗಾರರ ಆಹಾರ ನೋಡಿಕೊಳ್ಳೋ ಕೆಲಸದಲ್ಲಿದ್ದೀನಿ, ಈ ಒಂದು ಆಟದಲ್ಲಿ ತೂಕದ ಹಾವಳಿ ಬೇರೆ ಯಾವುದರಲ್ಲೂ ಇಲ್ಲ. ಕುಸ್ತಿಪಟು, ಬಾಕ್ಸರ್ ಕೂಡ ತೂಕ ಇಳಿಸ್ತಾರೆ, ಆದರೆ ಪಂದ್ಯ ಬಂದಾಗ. ಜಾಕಿ ವಾರಕ್ಕೆ ಹಲವು ದಿನ, ವರ್ಷದ ಬಹುಪಾಲು ತಕ್ಕಡಿ ಹತ್ತುತ್ತಾನೆ.

ಹ್ಯಾಂಡಿಕ್ಯಾಪ್ ರೇಸಿನಲ್ಲಿ ಒಳ್ಳೆ ಕುದುರೆಗೆ ಹೆಚ್ಚು ತೂಕ, ಸಾಧಾರಣ ಕುದುರೆಗೆ ಕಮ್ಮಿ ತೂಕ ಕೊಟ್ಟು ಎಲ್ಲರ ಅವಕಾಶ ಸಮ ಮಾಡ್ತಾರೆ. ಆ ತೂಕದಲ್ಲಿ ಜಾಕಿ, ಅವನ ಬಟ್ಟೆ, ಬೂಟು, ಜೀನು ಎಲ್ಲ ಸೇರಿರುತ್ತೆ. ಹಗುರ ಇದ್ರೆ ಜೀನಿನ ಬಟ್ಟೆಯ ಜೇಬಿಗೆ ಸೀಸದ ತುಂಡು ಹಾಕಿ ಸರಿ ಮಾಡ್ತಾರೆ. ಭಾರ ಇದ್ರೆ ಸವಾರಿ ಬೇರೆಯವನ ಪಾಲು. ರೇಸಿಗೆ ಮುಂಚೆಯೂ ಮುಗಿದ ಮೇಲೂ ತೂಗ್ತಾರೆ, ಕಮ್ಮಿ ಬಂದ್ರೆ ಗೆದ್ದ ಕುದುರೆಯೂ ಅನರ್ಹ ಆಗಬಹುದು.

ಹಾಗಾಗಿ ಬಿಸಿನೀರಿನ ತೊಟ್ಟಿ, ಬೆವರಿನ ಸೂಟು, ಬಿಸಿಲಲ್ಲಿ ಪದರ ಪದರ ಬಟ್ಟೆ ಹಾಕಿ ಓಟ, ರಾತ್ರಿಯಿಂದ ಒಂದು ಗುಟುಕು ನೀರೂ ಇಲ್ಲ. ತಿಂದದ್ದನ್ನ ಬೆರಳು ಹಾಕಿ ಕಕ್ಕೋದು ಅನೇಕ ಕಡೆ ದಶಕಗಳ ಕಾಲ ಗುಟ್ಟಾಗಿಯೂ ಇರಲಿಲ್ಲ. ಇದರಲ್ಲಿ ಇಳಿಯೋದು ಕೊಬ್ಬಲ್ಲ, ನೀರು. ಮೈತೂಕದ ಶೇ 2ರಷ್ಟು ನೀರು ಹೋದ್ರೂ ಶಕ್ತಿ, ಗಮನ ಕುಗ್ಗೋಕೆ ಶುರು ಆಗುತ್ತೆ. ಸ್ಟಾಪ್‌ವಾಚ್ ಹೇಳಿದ ಆ ಅರ್ಧ ಸೆಕೆಂಡಿನ ತೀರ್ಮಾನವನ್ನ ಒಣಗಿದ ಮೆದುಳು ತಗೋಬೇಕು. ವರ್ಷಗಟ್ಟಲೆ ಹೀಗೇ ಮಾಡಿದ್ರೆ ಎಲುಬಿನ ಸಾಂದ್ರತೆ ಕಮ್ಮಿ ಆಗುತ್ತೆ, ಜಾಕಿಗಳನ್ನ ಪರೀಕ್ಷಿಸಿದ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಬೀಳೋ ಸಾಧ್ಯತೆ ಇರೋ ಕೆಲಸದಲ್ಲಿ ಎಲುಬು ಸೊರಗಿರೋದು ಎಂಥ ಅಪಾಯ ಅಂತ ಯೋಚಿಸಿ. ಕಿಡ್ನಿಗೆ ಪೆಟ್ಟು, ಮನಸ್ಸು ಮಂಕಾಗೋದು, ಸಿಡುಕು, ನಿದ್ದೆಗೇಡು ಬೇರೆ.

ಈಗ ಬದಲಾವಣೆ ಇದೆ, ಅದನ್ನೂ ಹೇಳ್ತೀನಿ. ಮೂತ್ರ ಹೆಚ್ಚಿಸೋ ಮಾತ್ರೆಗಳಿಗೆ ನಿಷೇಧ ಇದೆ, ಪರೀಕ್ಷೆ ಇದೆ. ಬ್ರಿಟನ್ನಿನಲ್ಲಿ 2021ರಲ್ಲಿ ರೇಸ್‌ಕೋರ್ಸ್‌ಗಳಿಂದ ಸೌನಾ ಕೋಣೆಗಳನ್ನೇ ತೆಗೆದುಹಾಕಿದ್ರು. ಕನಿಷ್ಠ ತೂಕವನ್ನೂ ಹಲವು ದೇಶಗಳು ಏರಿಸಿವೆ. ನನ್ನ ಮಟ್ಟಿಗೆ ಇದು ಸಾಲದು. ಇನ್ನೂ ಎರಡು ಮೂರು ಕೆಜಿ ಏರಿಸಿದ್ರೆ ಅರ್ಧ ಟನ್ ಪ್ರಾಣಿಗೆ ಏನೂ ಆಗಲ್ಲ, ಮೇಲಿರೋ ಮನುಷ್ಯನಿಗೆ ಬದುಕೇ ಬೇರೆ ಆಗುತ್ತೆ.

ಕಡಿವಾಣ:
ಕೊನೆಯ ಸಾಲಿಗೆ ನನ್ನ ತಕರಾರು. ನಾನು ಪಶುವೈದ್ಯಳು. ಎರಡು ಮೂರು ಕೆಜಿ ಅಂತ ನೀವು ಹೇಳೋದು ಕುದುರೆಯ ಮುಂಗಾಲಿನ ಮೇಲೆ ಬೀಳುತ್ತೆ. ನಾಗಾಲೋಟದಲ್ಲಿ ಒಂದು ಕ್ಷಣ ಒಂದೇ ಕಾಲಿನ ಮೇಲೆ ಮೈತೂಕದ ಎರಡೂವರೆ ಪಟ್ಟು ಭಾರ ಇರುತ್ತೆ. ಎರಡು ವರ್ಷದ ಮರಿಗಳ ಎಲುಬು ಇನ್ನೂ ಬಲಿಯುತ್ತಿರುತ್ತೆ. ಹಾಗಂತ ಮನುಷ್ಯ ಉಪವಾಸ ಬೀಳಲಿ ಅಂತಲ್ಲ. ಏರಿಸಿ, ಆದರೆ ಜೊತೆಗೆ ಓಡೋ ರೇಸ್‌ಗಳ ಸಂಖ್ಯೆ ಇಳಿಸಿ. ಎರಡು ಜೀವದ ಲೆಕ್ಕ ಒಟ್ಟಿಗೆ ಹಾಕಬೇಕು.

ನೀರು ಉಪ್ಪು:
ಒಪ್ಪಿದೆ. ಆದರೆ ಬೆಳಗಿನ ವರ್ಕ್‌ನಲ್ಲಿ 65, 70 ಕೆಜಿ ರೈಡರ್‌ಗಳು ಇದೇ ಕುದುರೆಗಳನ್ನ ಓಡಿಸ್ತಾರೆ. ತೂಕದ ವಾದ ರೇಸಿನ ದಿನ ಮಾತ್ರ ಏಳೋದು ಯಾಕೆ ಅನ್ನೋದು ನನ್ನ ಪ್ರಶ್ನೆ.

ಹಳೇ ಪುಟ:
ತೂಕದ ಮಾತು ಬಂದಾಗ ಫ್ರೆಡ್ ಆರ್ಚರ್ ಬಗ್ಗೆ ಹೇಳದೇ ಮುಂದೆ ಹೋಗೋಕಾಗಲ್ಲ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಅವನಿಗಿಂತ ಹೆಸರುವಾಸಿ ಆಟಗಾರ ಇರಲಿಲ್ಲ. 13 ವರ್ಷ ಸತತ ಚಾಂಪಿಯನ್, 2,748 ಗೆಲುವು, ಅದರಲ್ಲಿ ಇಂಗ್ಲೆಂಡಿನ ಹೆಸರಾಂತ ರೇಸ್ ಆದ ಎಪ್ಸಂ ಡರ್ಬಿ 5 ಸಲ. ಆದರೆ ಎತ್ತರ ಐದು ಅಡಿ ಹತ್ತು ಅಂಗುಲ! ಆ ಮೈಯನ್ನ ಜಾಕಿಯ ತೂಕಕ್ಕೆ ಇಳಿಸೋಕೆ ಬಿಸಿ ಸ್ನಾನ, ಉಪವಾಸ, ಮತ್ತೆ ಅವನಿಗಾಗಿಯೇ ತಯಾರಿಸಿದ ಭೇದಿ ಔಷಧಿ. 1884ರಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಮರುವರ್ಷ, ಆ ದುಃಖದ ನಡುವೆಯೇ, ಒಂದೇ ಸೀಸನ್‌ನಲ್ಲಿ 246 ರೇಸ್ ಗೆದ್ದ. 1886ರ ನವೆಂಬರಿನಲ್ಲಿ ಉಪವಾಸದಿಂದ ಸೊರಗಿದ ಮೈಗೆ ಜ್ವರ ಬಂತು, ಆ ಜ್ವರದಲ್ಲೇ ತನ್ನ ಜೀವ ತಾನೇ ತೆಗೆದುಕೊಂಡ. ವಯಸ್ಸು 29. ಅವನ 246ರ ದಾಖಲೆ ಮುರಿಯೋಕೆ ಗಾರ್ಡನ್ ರಿಚರ್ಡ್ಸ್ 1933ರಲ್ಲಿ ಬರಬೇಕಾಯ್ತು.

ಆರ್ಚರ್ ಹಳೇ ಕಾಲದವನು ಅಂತ ತಳ್ಳಿಹಾಕಬೇಡಿ. ಅಮೆರಿಕದಲ್ಲಿ 9,530 ರೇಸ್ ಗೆದ್ದ ಲಾಫಿಟ್ ಪಿಂಕೇ ತುಂಬಾ ವರ್ಷ ಸಾವಿರ ಕ್ಯಾಲೊರಿಯೂ ಮುಟ್ಟದ ಊಟದಲ್ಲಿ ದಿನ ತೆಗೆದವರು. ಅವರು 2003ರವರೆಗೂ ಸವಾರಿ ಮಾಡ್ತಿದ್ರು.

ಚಿಗುರು ಎಲೆ:
ಆರ್ಚರ್ ಕಥೆ ಓದಿ ಅಕ್ಕ ಮಾತೇ ಆಡಲಿಲ್ಲ. ಹುಡುಗನಿಗೆ ಇನ್ನೂ ಬೆಳವಣಿಗೆ ಇದೆ. ಎರಡು ವರ್ಷದಲ್ಲಿ ಎತ್ತರ ಆಗಿಬಿಟ್ರೆ?

ರಿಕಾಪು:
ಆಗಬಹುದು, ಹಾಗಾಗೋದು ತುಂಬಾ ಸಾಮಾನ್ಯ. ಅಪ್ರೆಂಟಿಸ್, ಅಂದ್ರೆ ಕಲಿಯೋ ಹಂತದ ಹುಡುಗರಲ್ಲಿ ಎಷ್ಟೋ ಜನ ಕೈಚಳಕ ಇದ್ದೂ ಎಲುಬು ಬಲಿತಿದ್ದಕ್ಕೇ ಹೊರಗೆ ಬರ್ತಾರೆ. ಸ್ಟೀವ್ ಕಾಥನ್ ಅಂತ ಒಬ್ಬರಿದ್ರು. 1978ರಲ್ಲಿ 18ನೇ ವಯಸ್ಸಿಗೆ ಅಫರ್ಮ್ಡ್ ಕುದುರೆ ಮೇಲೆ ಅಮೆರಿಕದ ಟ್ರಿಪಲ್ ಕ್ರೌನ್, ಅಂದ್ರೆ ಅಲ್ಲಿನ ಮೂರು ದೊಡ್ಡ ರೇಸ್‌ಗಳನ್ನೂ ಒಂದೇ ವರ್ಷ ಗೆದ್ದ ಹುಡುಗ. ಆಮೇಲೆ ಬೆಳೆದರು, ಅಲ್ಲಿನ ತೂಕಕ್ಕೆ ಮೈ ಒಗ್ಗೋದು ಕಷ್ಟ ಆಯ್ತು. 1979ರಲ್ಲಿ ತೂಕದ ಮಿತಿ ಸ್ವಲ್ಪ ಹೆಚ್ಚಿರೋ ಬ್ರಿಟನ್ನಿಗೆ ಹೋದರು, ಅಲ್ಲಿ ಮೂರು ಸಲ ಚಾಂಪಿಯನ್ ಆದರು, 1985ರಲ್ಲೂ 1987ರಲ್ಲೂ ಎಪ್ಸಂ ಡರ್ಬಿ ಗೆದ್ದರು. ದಾರಿ ಪೂರ್ತಿ ಮುಚ್ಚಲ್ಲ, ಆದರೆ ತಿರುಗುತ್ತೆ.

ಜಪಾನಿನ ಯುಟಾಕಾ ಟಾಕೆ 170 ಸೆಂಮೀ ಎತ್ತರ, ಐವತ್ತು ದಾಟಿದ ಮೇಲೂ ಸವಾರಿ ಮಾಡ್ತಿದ್ದಾರೆ, ದೇಶದ ಕೇಂದ್ರ ರೇಸಿಂಗ್ ಸಂಸ್ಥೆಯ ರೇಸ್‌ಗಳಲ್ಲೇ 4,000ಕ್ಕೂ ಹೆಚ್ಚು ಗೆಲುವು. ಮೈಕಟ್ಟು ಸಣ್ಣ ಇದ್ರೆ ಎತ್ತರ ಒಂದೇ ಅಡ್ಡ ಬರಲ್ಲ. ಹುಡುಗನ ಅಪ್ಪ, ಅಮ್ಮ, ಸೋದರಮಾವಂದಿರ ಮೈಕಟ್ಟು ನೋಡಿ. ಜಾಕಿ ಆಗೋಕೆ ಆಗದಿದ್ರೂ ಕುದುರೆ ಜೊತೆ ಇರೋಕೆ ವರ್ಕ್ ರೈಡರ್, ಅಸಿಸ್ಟೆಂಟ್ ಟ್ರೈನರ್ ಅಂತ ಕೆಲಸಗಳಿವೆ. ನಾನು ಆ ದಾರಿಯಲ್ಲಿ ಬಂದವನು, ನನಗೆ ಕೊರಗಿಲ್ಲ. ಬೆಳಗಿನ ಮಂಜಿನಲ್ಲಿ ಒಂದು ಒಳ್ಳೆ ಕುದುರೆ ಕೈಯಲ್ಲಿ ತುಂಬಿಕೊಂಡು ಓಡೋದು ಸಾಕಷ್ಟು ದೊಡ್ಡ ಸುಖ.

ಬಿಳಿ ರೇಲು:
ಇಡೀ ಚರ್ಚೆಯಲ್ಲಿ "ಅವನು", "ಹುಡುಗ" ಅಂತಲೇ ನಡೀತಿದೆ. ಹೆಣ್ಣುಮಕ್ಕಳ ಮಾತೂ ಸೇರಲಿ. ಗಂಡು ಹೆಣ್ಣು ಅನ್ನೋ ಪ್ರತ್ಯೇಕ ವಿಭಾಗ ಇಲ್ಲದೆ ಒಂದೇ ರೇಸಿನಲ್ಲಿ ಎದುರುಬದುರು ಸ್ಪರ್ಧಿಸೋ ಕೆಲವೇ ವೃತ್ತಿಪರ ಆಟಗಳಲ್ಲಿ ಇದೊಂದು. ಆದರೆ ಬಾಗಿಲು ತೆರೆದಿದ್ದು ಸುಲಭಕ್ಕಲ್ಲ. ಅಮೆರಿಕದಲ್ಲಿ ಕ್ಯಾಥಿ ಕುಸ್ನರ್ 1968ರಲ್ಲಿ ಕೋರ್ಟಿಗೆ ಹೋಗಿ ಲೈಸೆನ್ಸ್ ಪಡೀಬೇಕಾಯ್ತು. 1969ರ ಫೆಬ್ರುವರಿಯಲ್ಲಿ ಡಯಾನ್ ಕ್ರಂಪ್ ಹಯಾಲಿಯಾ ರೇಸ್‌ಕೋರ್ಸಿನಲ್ಲಿ ಸವಾರಿಗೆ ಹೊರಟಾಗ ಜನರ ಗುಂಪು ದಾಟಿಸೋಕೆ ಪೊಲೀಸ್ ಕಾವಲು ಬೇಕಾಯ್ತು. ಜೂಲಿ ಕ್ರೋನ್ 1993ರಲ್ಲಿ ಬೆಲ್ಮಾಂಟ್ ಗೆದ್ದರು. ಮಿಶೆಲ್ ಪೇಯ್ನ್ 2015ರಲ್ಲಿ ಯಾರೂ ಎಣಿಕೆಗೆ ಇಟ್ಟುಕೊಳ್ಳದ ಪ್ರಿನ್ಸ್ ಆಫ್ ಪೆನ್ಜಾನ್ಸ್ ಕುದುರೆ ಮೇಲೆ ಆಸ್ಟ್ರೇಲಿಯಾದ ಮೆಲ್ಬರ್ನ್ ಕಪ್ ಗೆದ್ದರು. ರೇಚಲ್ ಬ್ಲ್ಯಾಕ್‌ಮೋರ್ 2021ರಲ್ಲಿ ಬ್ರಿಟನ್ನಿನ ಗ್ರ್ಯಾಂಡ್ ನ್ಯಾಷನಲ್ ಗೆದ್ದರು. ಹೆಣ್ಣು ಅಂತ ಇವರಲ್ಲಿ ಯಾರಿಗೂ ಯಾರೂ ಒಂದು ಗ್ರಾಂ ರಿಯಾಯಿತಿ ಕೊಟ್ಟಿರಲಿಲ್ಲ.

ಫ್ರಾನ್ಸ್ 2017ರಿಂದ ಮಹಿಳಾ ಜಾಕಿಗಳಿಗೆ ತೂಕದ ರಿಯಾಯಿತಿ ಕೊಡ್ತಿದೆ, ಅಂದ್ರೆ ಅವರ ಕುದುರೆ ಕಮ್ಮಿ ತೂಕ ಹೊತ್ತರೆ ಸಾಕು. ಅದರಿಂದ ಅವರಿಗೆ ಸವಾರಿಗಳು ಹೆಚ್ಚು ಸಿಕ್ಕಿದ್ದು ಹೌದು. ನನಗೆ ಇದರಲ್ಲಿ ಎರಡು ಮನಸ್ಸು. ರಿಯಾಯಿತಿ ಅಂದ ಕೂಡಲೇ ನೀನು ಕಮ್ಮಿ ಅಂತ ಹೇಳಿದ ಹಾಗೆ. ಆದರೆ ಟ್ರೈನರ್‌ಗಳು ಕುದುರೆಯನ್ನೇ ಕೊಡದಿದ್ರೆ ಸಾಮರ್ಥ್ಯ ತೋರಿಸೋದು ಎಲ್ಲಿ? ನಾನು ಸವಾರಿ ಮಾಡ್ತಿದ್ದ ದಿನಗಳಲ್ಲಿ ಬೆಳಿಗ್ಗೆ ಕಷ್ಟದ ಕುದುರೆಗಳನ್ನ ನನಗೆ ಕೊಟ್ಟು, ಅವು ತಿದ್ದಿಕೊಂಡ ಮೇಲೆ ರೇಸಿನ ದಿನ ಬೇರೆಯವರನ್ನ ಹತ್ತಿಸ್ತಿದ್ರು. ಅದನ್ನ ನೆನೆದ್ರೆ ರಿಯಾಯಿತಿ ಇರಲಿ ಅನ್ನಿಸುತ್ತೆ.

ಸ್ಟಾಪ್‌ವಾಚ್:
ಅಪ್ರೆಂಟಿಸ್‌ಗೆ ರಿಯಾಯಿತಿ ಕೊಟ್ಟಾಗ ನೀನು ಕಮ್ಮಿ ಅಂತ ಯಾರೂ ಅನ್ನಲ್ಲ. ಬ್ರಿಟನ್ನಿನಲ್ಲಿ ಹೊಸ ಹುಡುಗ 20 ಗೆಲ್ಲೋವರೆಗೆ 7 ಪೌಂಡ್, 50 ಗೆಲ್ಲೋವರೆಗೆ 5, 95 ಗೆಲ್ಲೋವರೆಗೆ 3 ಪೌಂಡ್ ರಿಯಾಯಿತಿ. ಅದಿಲ್ಲದಿದ್ರೆ ಅನುಭವಿ ಜಾಕಿಯನ್ನ ಬಿಟ್ಟು ಹೊಸಬನನ್ನ ಹತ್ತಿಸೋ ಟ್ರೈನರ್ ಇಲ್ಲವೇ ಇಲ್ಲ. ಅಸಲಿ ಪರೀಕ್ಷೆ ರಿಯಾಯಿತಿ ಮುಗಿದ ಮರುದಿನ ಶುರು. ಮೊನ್ನೆವರೆಗೆ ದಿನಾ ಫೋನ್ ಮಾಡ್ತಿದ್ದ ಟ್ರೈನರ್‌ಗಳು ಸದ್ದಿಲ್ಲದೆ ಮುಂದಿನ ಹುಡುಗನ ಕಡೆ ಹೋಗ್ತಾರೆ. ಎಷ್ಟೋ ಪ್ರತಿಭೆಗಳು ಕಾಣೆಯಾಗೋದು ಅಲ್ಲೇ.

ಕಡಿವಾಣ:
ಚಾಟಿ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಹುಡುಗನಿಗೆ ಕುದುರೆ ಅಂದ್ರೆ ಪ್ರಾಣ ಅಂದ್ರಲ್ಲ, ಅವನಿಗೆ ಇದು ಗೊತ್ತಿರಲಿ. ನಾರ್ವೆ 1982ರಲ್ಲೇ ರೇಸಿನಲ್ಲಿ ಚಾಟಿಯಿಂದ ಹೊಡೆದು ಓಡಿಸೋದನ್ನ ನಿಲ್ಲಿಸಿತು. ಅಲ್ಲಿ ರೇಸ್ ನಿಂತುಹೋಗಲಿಲ್ಲ.

ರಿಕಾಪು:
ಈಗಿನ ಚಾಟಿಗೆ ಮೆತ್ತನೆ ಫೋಮ್ ಇರುತ್ತೆ, ಚರ್ಮ ಸೀಳೋದಲ್ಲ. ಅಡ್ಡಾದಿಡ್ಡಿ ಸರಿಯೋ ಕುದುರೆಯನ್ನ ನೇರ ಮಾಡೋಕೆ, ಪಕ್ಕದವರ ಮೇಲೆ ಬೀಳದ ಹಾಗೆ ತಡೆಯೋಕೆ ಅದು ಕೈಯಲ್ಲಿರಲೇಬೇಕು. ಬ್ರಿಟನ್ನಿನಲ್ಲಿ 2023ರಿಂದ ಸಮತಟ್ಟು ರೇಸಿನಲ್ಲಿ 6 ಸಲ, ಅಡೆತಡೆ ಹಾರೋ ಜಿಗಿತದ ರೇಸಿನಲ್ಲಿ 7 ಸಲ ಮಾತ್ರ ಚಾಟಿ ಬಳಸಬಹುದು. ಮಿತಿಗಿಂತ 4 ಹೆಚ್ಚಾದ್ರೆ ಕುದುರೆಯೇ ಅನರ್ಹ. ಅದು ಬಂದ ಮೇಲೆ ಕೈಯಿಂದ ದೂಡಿ ಓಡಿಸೋ ಹಳೇ ಕಲೆಗೆ ಬೆಲೆ ಬಂದಿದೆ. ನನಗೆ ಅದು ಸಂತೋಷ.

ಕಡಿವಾಣ:
ದಿಕ್ಕು ತಿದ್ದೋಕೆ ಇಟ್ಟುಕೊಳ್ಳಲಿ, ನನ್ನ ಆಕ್ಷೇಪ ಇಲ್ಲ. ಸುಸ್ತಾದ ಪ್ರಾಣಿಯಿಂದ ಕೊನೆಯ ನೂರು ಮೀಟರಿನಲ್ಲಿ ಇನ್ನಷ್ಟು ಕೀಳೋಕೆ ಒಂದೇಟೂ ಬೇಡ ಅನ್ನೋದು ನನ್ನ ನಿಲುವು. ಫೋಮ್ ಇದ್ರೆ ನೋವಿಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಕುದುರೆಯ ಚರ್ಮ ಒಂದು ನೊಣ ಕೂತ್ರೂ ನಡುಗುತ್ತೆ.

ಚಿಗುರು ಎಲೆ:
ಬೀಳೋದರ ಬಗ್ಗೆ ಕೇಳೋಕೆ ಹೆದರಿಕೆ ಆಗ್ತಿದೆ. ಆದರೂ ಹೇಳಿ.

ಬಿಳಿ ರೇಲು:
ಬೀಳ್ತೀರಿ. ಆಗಬಹುದು ಅನ್ನೋ ಮಾತಲ್ಲ, ಆಗುತ್ತೆ. ಜಿಗಿತದ ರೇಸಿನ ಜಾಕಿಗಳು ಸರಾಸರಿ ಹದಿನೈದು ಸವಾರಿಗೆ ಹೆಚ್ಚುಕಮ್ಮಿ ಒಂದು ಸಲ ಬೀಳ್ತಾರೆ. ಸಮತಟ್ಟು ರೇಸಿನಲ್ಲಿ ಬೀಳೋದು ಅಪರೂಪ, ಆದರೆ ವೇಗ ಹೆಚ್ಚು, ಹಿಂದೆ ಗುಂಪು ಬರ್ತಿರುತ್ತೆ, ಹಾಗಾಗಿ ಬಿದ್ದಾಗ ಪೆಟ್ಟು ಭಾರಿ. ರೇಸ್ ನಡೆಯೋವಾಗ ಪಕ್ಕದ ದಾರಿಯಲ್ಲಿ ಆಂಬುಲೆನ್ಸ್ ಕುದುರೆಗಳ ಹಿಂದೆಯೇ ಓಡ್ತಿರುತ್ತೆ. ಕೊರಳೆಲುಬು ಮುರಿಯೋದನ್ನ ಜಾಕಿಗಳು ಗಾಯ ಅಂತಲೇ ಲೆಕ್ಕ ಹಾಕಲ್ಲ. ಬೀಳೋದನ್ನೂ ಕಲಿಸ್ತಾರೆ. ಕೈ ಊರಬೇಡ, ಭುಜ ಒಳಗೆಳೆದು ಉರುಳು, ಉಂಡೆಯಾಗಿ ಮಲಗು, ಗುಂಪು ದಾಟಿ ಹೋಗೋವರೆಗೆ ಕದಲಬೇಡ. ಕುದುರೆಗಳು ಸಾಧ್ಯ ಆದ್ರೆ ಮನುಷ್ಯನನ್ನ ತುಳಿಯದೆ ದಾಟೋಕೆ ನೋಡ್ತವೆ. ಎದ್ದು ಓಡೋಕೆ ಹೋದ್ರೆ ಅವುಗಳ ಅಂದಾಜು ತಪ್ಪುತ್ತೆ.

ಮೇಲೆ ಟರ್ಕಾಟ್ ಹೆಸರು ಬಂತಲ್ಲ. ಸೆಕ್ರೆಟೇರಿಯಟ್ ಮೇಲೆ ಚರಿತ್ರೆ ಬರೆದ ಅದೇ ಬೆಲ್ಮಾಂಟ್ ಪಾರ್ಕಿನಲ್ಲಿ 1978ರ ಜುಲೈನಲ್ಲಿ ಅವರು ಬಿದ್ದರು, ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಉಳಿದ ಬದುಕೆಲ್ಲ ಗಾಲಿಕುರ್ಚಿಯಲ್ಲಿ ಕಳೆದರು, ಗಾಯಗೊಂಡ ಜಾಕಿಗಳ ಪರವಾಗಿ ದನಿ ಎತ್ತುತ್ತಲೇ ಇದ್ದರು. ಬ್ರಿಟನ್ನಿನಲ್ಲಿ ಟಿಮ್ ಬ್ರೂಕ್‌ಶಾ, ಪ್ಯಾಡಿ ಫ್ಯಾರೆಲ್ ಇಬ್ಬರೂ ಕೆಲವೇ ತಿಂಗಳ ಅಂತರದಲ್ಲಿ ಬಿದ್ದು ಕಾಲಿನ ಸ್ವಾಧೀನ ಕಳೆದುಕೊಂಡ ಮೇಲೆ 1964ರಲ್ಲಿ ಗಾಯಾಳು ಜಾಕಿಗಳ ನಿಧಿ ಹುಟ್ಟಿತು. ನಿಮ್ಮ ಹುಡುಗ ಲೈಸೆನ್ಸ್ ತಗೊಳ್ಳೋ ದಿನ ಮೊದಲು ಕೇಳಬೇಕಾದ ಪ್ರಶ್ನೆ ಇದು: ವಿಮೆ ಎಷ್ಟು, ಯಾರು ಕಟ್ತಾರೆ, ಬೆಳಗಿನ ವರ್ಕ್‌ನಲ್ಲಿ ಬಿದ್ರೂ ಅದು ಅನ್ವಯ ಆಗುತ್ತಾ? ಎಷ್ಟೋ ಅಪಘಾತ ಆಗೋದು ಕ್ಯಾಮೆರಾ ಇಲ್ಲದ ಬೆಳಗಿನ ಹೊತ್ತಿನಲ್ಲಿ.

ನೀರು ಉಪ್ಪು:
ತಲೆಗೆ ಪೆಟ್ಟು ಬಿದ್ರೆ ಸುಮ್ಮನಿರಬೇಡ ಅಂತ ಅವನಿಗೆ ಈಗಲೇ ಹೇಳಿ. ಸವಾರಿ ತಪ್ಪಿಹೋಗುತ್ತೆ ಅಂತ ತಲೆಸುತ್ತನ್ನ ಮುಚ್ಚಿಡೋದು ಹಳೇ ಅಭ್ಯಾಸ. ಈಗ ಒಳ್ಳೆ ಕಡೆಗಳಲ್ಲಿ ಸೀಸನ್ನಿಗೆ ಮುಂಚೆ ಮೆದುಳಿನ ಪರೀಕ್ಷೆ ಮಾಡಿ ಇಟ್ಟುಕೊಂಡು, ಬಿದ್ದ ಮೇಲೆ ಅದಕ್ಕೆ ಹೋಲಿಸಿ ನೋಡಿ, ಸರಿ ಇದ್ರೆ ಮಾತ್ರ ಬಿಡ್ತಾರೆ.

ಹಳೇ ಪುಟ:
ದುಡಿಮೆಯ ಮಾತು ಸ್ವಲ್ಪ. ಬಹುಪಾಲು ಕಡೆ ಜಾಕಿಗೆ ಸಂಬಳ ಇಲ್ಲ. ಸವಾರಿಗೆ ಇಷ್ಟು ಅಂತ ಫೀಸು, ಗೆದ್ದ ಅಥವಾ ಮುಂದಿನ ಸ್ಥಾನ ಬಂದ ಕುದುರೆಯ ಬಹುಮಾನದಲ್ಲಿ ಪಾಲು. ಅಮೆರಿಕದಲ್ಲಿ ಗೆಲುವಿಗೆ ಸಾಮಾನ್ಯವಾಗಿ ಶೇ 10. ಅದರಲ್ಲಿ ಸವಾರಿ ಹುಡುಕಿಕೊಡೋ ಏಜೆಂಟಿಗೆ ಕಾಲು ಭಾಗದಷ್ಟು, ಸಾಮಾನು ನೋಡಿಕೊಳ್ಳೋ ವ್ಯಾಲೆಟ್‌ಗೆ ಒಂದಿಷ್ಟು. ಗಾಯ ಆದ ವಾರ ಆದಾಯ ಸೊನ್ನೆ. ರೇಸಿನ ನಿಯಮ ಕಾಯೋ ಅಧಿಕಾರಿಗಳಾದ ಸ್ಟುವರ್ಡ್‌ಗಳು ಅಡ್ಡ ಸವಾರಿಗೆ ಸಸ್ಪೆಂಡ್ ಮಾಡಿದ ವಾರವೂ ಸೊನ್ನೆ. ಮನೆಯ ಮೊದಲ ಪಂಗಡಕ್ಕೆ ಇದನ್ನ ಹೇಳಿ: ಜಾಕಿ ಬಾಜಿ ಕಟ್ಟೋ ಹಾಗಿಲ್ಲ. ಕಟ್ಟಿದ್ದು ಗೊತ್ತಾದ್ರೆ ಲೈಸೆನ್ಸ್ ಹೋಗುತ್ತೆ. ಪ್ರತಿ ಕುದುರೆಯನ್ನೂ ಅದರ ಪೂರ್ತಿ ಸಾಮರ್ಥ್ಯಕ್ಕೆ ಓಡಿಸಿದ್ದಾನಾ ಅಂತ ಸ್ಟುವರ್ಡ್‌ಗಳು ಹಲವು ಕ್ಯಾಮೆರಾಗಳಲ್ಲಿ ಹಿಂದೆ ಮುಂದೆ ತಿರುಗಿಸಿ ನೋಡ್ತಾರೆ.

ಇನ್ನೊಂದು, ಸೋಲು. ಐದಕ್ಕೆ ಒಂದು ಗೆದ್ದರೆ ಅವನು ಬಹಳ ದೊಡ್ಡ ಜಾಕಿ. ಅಂದ್ರೆ ಅತ್ಯುತ್ತಮರೂ ಐದರಲ್ಲಿ ನಾಲ್ಕು ಸಲ ಸೋತು, ಮಾಲೀಕರು ಕಾಯೋ ಪ್ಯಾಡಾಕ್ ಅಂಗಳಕ್ಕೆ ವಾಪಸ್ ಬರ್ತಾರೆ, ಮಾಲೀಕನ ಮುಖ ನೋಡಿ ಕಾರಣ ಹೇಳ್ತಾರೆ, ಅರ್ಧ ಗಂಟೆಯೊಳಗೆ ಬೇರೆ ಬಣ್ಣದ ಅಂಗಿ ಹಾಕಿ ಮತ್ತೆ ಹೋಗ್ತಾರೆ. ಗಾರ್ಡನ್ ರಿಚರ್ಡ್ಸ್ 26 ಸಲ ಚಾಂಪಿಯನ್, 4,870 ಗೆಲುವು, ಆದರೂ ಎಪ್ಸಂ ಡರ್ಬಿ ಕೈಗೆ ಸಿಕ್ಕಿದ್ದು 28ನೇ ಪ್ರಯತ್ನದಲ್ಲಿ, 1953ರಲ್ಲಿ ಪಿಂಜಾ ಕುದುರೆ ಮೇಲೆ. ಬಿಲ್ ಶೂಮೇಕರ್ 1957ರ ಕೆಂಟಕಿ ಡರ್ಬಿಯಲ್ಲಿ ಗೆಲುವಿನ ಗುರುತಿನ ಕಂಬವನ್ನ ತಪ್ಪಾಗಿ ಅಂದಾಜು ಮಾಡಿ ರಿಕಾಪಿನಲ್ಲಿ ಎದ್ದು ನಿಂತರು, ಗ್ಯಾಲಂಟ್ ಮ್ಯಾನ್ ಕುದುರೆ ಮೂಗಿನ ಅಂತರದಲ್ಲಿ ಸೋತಿತು. ಜಗತ್ತೆಲ್ಲ ನೋಡಿದ ತಪ್ಪು ಅದು. ಅವರು ಮತ್ತೆ ಸವಾರಿಗೆ ಬಂದರು, 54ನೇ ವಯಸ್ಸಿನಲ್ಲಿ, 1986ರಲ್ಲಿ, ಅದೇ ಡರ್ಬಿಯನ್ನ ಫರ್ಡಿನಂಡ್ ಮೇಲೆ ಗೆದ್ದರು. ಎಷ್ಟು ವರ್ಷ ನಡೆಯುತ್ತೆ ಅಂತ ಕೇಳಿದ್ರಲ್ಲ, ಮೈ ಉಳಿದ್ರೆ ಅಷ್ಟು ವರ್ಷವೂ ನಡೆಯುತ್ತೆ. ಬ್ರಿಟನ್ನಿನ ಲೆಸ್ಟರ್ ಪಿಗಟ್ ಐದು ವರ್ಷ ಸವಾರಿ ಬಿಟ್ಟು, 1990ರಲ್ಲಿ 54ನೇ ವಯಸ್ಸಿಗೆ ವಾಪಸ್ ಬಂದು, ಎರಡು ವಾರದೊಳಗೆ ರಾಯಲ್ ಅಕಾಡೆಮಿ ಕುದುರೆ ಮೇಲೆ ಅಮೆರಿಕದ ಬ್ರೀಡರ್ಸ್ ಕಪ್ ಮೈಲ್ ರೇಸ್ ಗೆದ್ದರು.

ಬಿಳಿ ರೇಲು:
ಆ ಹೆಸರುಗಳೆಲ್ಲ ಶಿಖರದವು. ಹೆಚ್ಚಿನವರು ಮೂವತ್ತು, ಮೂವತ್ತೈದಕ್ಕೆ ಮಂಡಿ, ಬೆನ್ನು ಸೋತು ನಿಲ್ತಾರೆ. ಓದು ಬಿಡಿಸಬೇಡಿ. ಹತ್ತನೇ ಕ್ಲಾಸಾದ್ರೂ ಮುಗಿಸಿಯೇ ಹೋಗಲಿ, ಆಮೇಲೂ ಪುಸ್ತಕ ಕೈಯಲ್ಲಿರಲಿ. ಸವಾರಿ ನಿಂತ ಮೇಲೆ ಟ್ರೈನರ್ ಲೈಸೆನ್ಸಿಗೆ, ಸ್ಟುವರ್ಡ್ ಕೆಲಸಕ್ಕೆ, ಕುದುರೆ ಸಾಕಣೆ ಕೇಂದ್ರದ ಲೆಕ್ಕಪತ್ರಕ್ಕೆ ಓದು ಬೇಕೇ ಬೇಕು.

ರಿಕಾಪು:
ಅದಕ್ಕೂ ಮುಂಚೆ ಒಂದು ಕೆಲಸ. ಸ್ಟೇಬಲ್ಲಿನಲ್ಲಿ ಲದ್ದಿ ಬಾಚೋದು, ಮೈ ಉಜ್ಜೋದು, ಗೊರಸು ತೊಳೆಯೋದು, ಇದರಲ್ಲಿ ಕೆಲವು ತಿಂಗಳು ಇರಲಿ. ಅಪ್ರೆಂಟಿಸ್‌ಗಳ ಮೊದಲ ಪಾಠ ಅದೇ. ಕುದುರೆ ನೋಡಿಕೊಳ್ಳೋ ಸೈಸ್‌ಗಳು ಕಲಿಸೋದನ್ನ ಯಾವ ಜಾಕಿಯೂ ಕಲಿಸೋಕೆ ಆಗಲ್ಲ. ಮೂರು ಗಂಟೆ ಬೆಳಗಿಗೆ ಎದ್ದು ಇಷ್ಟನ್ನೂ ಮಾಡಿ, ಆಮೇಲೂ ಕುದುರೆ ಹತ್ರ ನಿಲ್ಲೋಕೆ ಮನಸ್ಸಿದ್ರೆ ಮುಂದಿನ ಮಾತು.

ಚಿಗುರು ಎಲೆ:
ಎಲ್ಲರಿಗೂ ಕೈ ಮುಗಿದೆ. ಅಕ್ಕ ಒಂದು ಷರತ್ತು ಹಾಕಿದ್ದಾಳೆ, ಓದು ಮುಗಿಯೋವರೆಗೆ ರಜೆಯಲ್ಲಿ ಮಾತ್ರ ಸ್ಟೇಬಲ್. ಅವನು ಒಪ್ಪಿದ್ದಾನೆ. ಅಲ್ಲಿವರೆಗೆ ಮನೆಯವರೆಲ್ಲ ಒಂದಷ್ಟು ರೇಸ್ ನೋಡೋಣ ಅಂತಿದ್ದೀವಿ. ಕುದುರೆ ಬಿಟ್ಟು ಜಾಕಿಯನ್ನ ನೋಡೋದು ಹೇಗೆ ಅಂತ ಯಾರಾದ್ರೂ ಹೇಳ್ತೀರಾ?

ಸ್ಟಾಪ್‌ವಾಚ್:
ಹೇಳ್ತೀನಿ. ಮೊದಲ ಸಲ ಮಾಮೂಲಿಯಾಗಿ ನೋಡಿ, ಯಾರು ಗೆದ್ದರು ಅಂತ ಗೊತ್ತಾಗಲಿ. ಎರಡನೇ ಸಲ ರೀಪ್ಲೇ ಹಾಕಿ ಗೆದ್ದ ಜಾಕಿಯ ಅಂಗಿಯ ಬಣ್ಣವನ್ನ ಮಾತ್ರ ಹಿಂಬಾಲಿಸಿ. ಗೇಟು ತೆರೆದ ಮೊದಲ 200 ಮೀಟರಿನಲ್ಲಿ ಅವನು ಯಾರ ಹಿಂದೆ ಜಾಗ ಹಿಡಿದ ನೋಡಿ. ಮುಂದಿನ ಕುದುರೆಯ ಹಿಂದೆ ಗಾಳಿ ಮರೆಯಲ್ಲಿ ಅಡಗಿದ್ರೆ ತನ್ನ ಕುದುರೆಯ ಶಕ್ತಿ ಉಳಿಸ್ತಿದ್ದಾನೆ. ಆಮೇಲೆ ಕೈ ನೋಡಿ. ಲಗಾಮು ಹಿಡಿದ ಮುಷ್ಟಿ ಕತ್ತಿನ ಮೇಲೆ ಒರಗಿ ಶಾಂತವಾಗಿದ್ದು, ಕುದುರೆಯ ಕಿವಿ ಸಡಿಲವಾಗಿ ಆಡ್ತಿದ್ರೆ ಇಬ್ಬರ ನಡುವೆ ಜಗಳ ಇಲ್ಲ. ಬಾಯಿ ತೆರೆದು ತಲೆ ಎಸೀತಿದ್ರೆ ಕುದುರೆ ಓಡ್ತಿರೋದಕ್ಕಿಂತ ಹೆಚ್ಚು ಗುದ್ದಾಡ್ತಿದೆ.

ಕೊನೆಯ ತಿರುವಿನಿಂದ ಆಚೆಗೆ ಗೆದ್ದವನನ್ನ ಬಿಟ್ಟು ಐದನೇ, ಆರನೇ ಬಂದವರನ್ನ ನೋಡಿ. ಯಾರು 600 ಮೀಟರ್ ಇರೋವಾಗಲೇ ದೂಡೋಕೆ ಶುರು ಮಾಡಿದ, ಯಾರು 400ರವರೆಗೂ ಕೈ ಕಟ್ಟಿ ಕಾದ, ಯಾರಿಗೆ ದಾರಿ ಸಿಗಲಿಲ್ಲ. ತಿರುವಿನಿಂದ ನೇರ ಹಾದಿಗೆ ಬರೋವಾಗ ಒಳ್ಳೆ ಜಾಕಿ ಮೈತೂಕವನ್ನ ಕೂದಲೆಳೆಯಷ್ಟು ಪಕ್ಕಕ್ಕೆ ಹಾಕ್ತಾನೆ, ಕುದುರೆ ತಕ್ಷಣ ಮುಂದಿಡೋ ಕಾಲು ಬದಲಿಸುತ್ತೆ. ಅಷ್ಟು ಹೊತ್ತು ದುಡಿದ ಕಾಲಿಗೆ ಬಿಡುವು ಸಿಕ್ಕಿ ಒಂದು ಹೊಸ ವೇಗ ಬರುತ್ತೆ. ನಿಧಾನಗತಿಯಲ್ಲಿ ಹಾಕಿದ್ರೆ ಕಾಣುತ್ತೆ. ಶುರುವಿಗೆ 1,600 ಮೀಟರ್ ರೇಸ್ ತಗೊಳ್ಳಿ, 1,000 ಮೀಟರಿನದು ಕಣ್ಣಿಗೆ ಸಿಗೋದ್ರೊಳಗೆ ಮುಗಿದುಹೋಗುತ್ತೆ.